ಸಿಗೋದನ್ನ ಮೊದಲು ಬರಿ ಅಂದವಳು

ಸುದ್ದಿ ಬಂದಾಗ ನಾನು ದೇವರ ಸಾಮಾನು ಬೆಳಗುತ್ತಿದ್ದೆ. ಶ್ರಾವಣದ ಗುರುವಾರ, ಮಾರನೇ ದಿನ ಲಕ್ಷ್ಮಿ ಪೂಜೆ. ಎರಡು ಕೈಗೂ ಹುಣಸೆಹಣ್ಣು ಮೆತ್ತಿಕೊಂಡಿತ್ತು. ಫೋನು ಬಡಿದುಕೊಳ್ಳತೊಡಗಿತು. ಒದ್ದೆ ಬೆರಳಿಗೆ ಅದು ಜಗ್ಗಲಿಲ್ಲ, ಮೊಣಕೈಗೂ ಜಗ್ಗಲಿಲ್ಲ. ಕೊನೆಗೆ ಬಗ್ಗಿ ಮೂಗಿನಿಂದ ಒತ್ತಿದೆ. ಎದುರುಮನೆ ಮಂಗಳಾ, ಸಿಂಧು ತಾಯಿ.

"ಅಕ್ಕಾ, ಸೀಟ್ ಲಿಸ್ಟ್ ಬಂತು! ಸಿಂಧುಗೆ ಫಸ್ಟ್ ಆಪ್ಷನ್ನೇ ಸಿಕ್ಬಿಡ್ತು! ನೀವ್ ಹೇಳ್ದಂಗೇ ಆಯ್ತು ನೋಡಿ. ಸಜ್ಜಿಗೆ ಮಾಡ್ತೀನಿ, ನೀವು ಇವತ್ತು ಸಿಹಿ ಏನೂ ಮಾಡ್ಕೋಬೇಡಿ."

"ಸದ್ಯ, ದೇವರು ದೊಡ್ಡವನು" ಅಂದೆ. ಅಲ್ಲೇ, ಅರ್ಧ ಬೆಳಗಿದ ದೀಪದ ಕಂಬಕ್ಕೆ ಕೈ ಮುಗಿದು ಉಳಿದ ಹರಿವಾಣ, ಗಂಟೆ ಉಜ್ಜೋಕೆ ಕೂತೆ. ಬಂದದ್ದು ಒಳ್ಳೆಯ ಸುದ್ದಿಯಲ್ಲ ಅಂತ ಗೊತ್ತಾಗಲು ಇನ್ನೂ ಒಂದು ಗಂಟೆ ಬೇಕಾಗಿತ್ತು. ಆ ಸುದ್ದಿಯೇ ನನ್ನ ನೌಕರಿ ಕಳೆಯಿತು.

ಯಾವ ನೌಕರಿ ಅಂತೀರಿ. ಮಕ್ಕಳನ್ನು ಕಾಲೇಜಿಗೆ ಸೇರಿಸುವ ನೌಕರಿ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಮಾಡಿದೆ. ಇದಕ್ಕೆ ಆರ್ಡರ್ ಕಾಪಿ ಇಲ್ಲ, ಕುರ್ಚಿ ಇಲ್ಲ, ಬೀಳ್ಕೊಡುಗೆಗೆ ಶಾಲು ಹೊದಿಸುವವರೂ ಇಲ್ಲ. ನನ್ನ ಮಗ, ಮಗಳು, ಆಮೇಲೆ ನಾದಿನಿ ಮಕ್ಕಳು, ಆಮೇಲೆ ರಸ್ತೆಯ ಮಕ್ಕಳು. ಮೇ ತಿಂಗಳು ಬಂತೆಂದರೆ ಗೇಟಿನ ಹತ್ತಿರ ಒಬ್ಬರಲ್ಲ ಒಬ್ಬ ತಾಯಿ ಫೈಲು ಅಪ್ಪಿಕೊಂಡು ನಿಂತಿರುತ್ತಿದ್ದರು. "ವಿಮಲಾ ಆಂಟಿ ಇದಾರಾ?" ಈಗ ನಾನು ನಿವೃತ್ತೆ. ಆದರೂ ಹೊಸದಾಗಿ ಈ ಕೆಲಸಕ್ಕೆ ಬಿದ್ದಿರುವ ತಾಯಂದಿರು ಕೇಳುವುದು ಬಿಟ್ಟಿಲ್ಲ. ಅವರಿಗೋಸ್ಕರ ಬರೆಯುತ್ತಿದ್ದೇನೆ. ಯಾರ್‍ಯಾರಿಗೆ ಎಂಥ ಒಳ್ಳೆ ಸೀಟು ಕೊಡಿಸಿದೆ ಅನ್ನೋದನ್ನು ಬರೆಯುವುದಿಲ್ಲ. ಒಳ್ಳೆ ಸೀಟು ಸಿಕ್ಕಿದ ಮಕ್ಕಳೆಲ್ಲ ತಾವೇ ಓದಿ ತಗೊಂಡದ್ದು ಅಂತಾರೆ, ಅದೇ ನಿಜವೂ ಇರಬೇಕು.

ಎಲ್ಲ ನೌಕರಿಯಂತೆ ಇಲ್ಲೂ ಮೇಲಧಿಕಾರಿಗಳು ಇದ್ದರು. ಮೊದಲನೆಯವರು ನಮ್ಮತ್ತೆ. ಅವರು ಹೂ ಕೇಳದೆ ಒಂದು ಅರ್ಜಿಯನ್ನೂ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಮಗನಿಗೆ ಕಾಲೇಜು ನೋಡುವಾಗ ನನ್ನನ್ನೂ ಕರಕೊಂಡು ಗಣಪತಿ ಗುಡಿಗೆ ಹೋದರು. "ಸ್ವಾಮಿ, ರಾಜಾಜಿನಗರದ್ದಾದ್ರೆ ಬಲಗಡೆ ಹೂ ಕೊಡಪ್ಪ" ಅಂತ ಕೂತರು. ಹತ್ತು ನಿಮಿಷಕ್ಕೆ ಬಲಗಡೆಯಿಂದ ಒಂದು ಸೇವಂತಿಗೆ ಜಾರಿತು. ನಾನು ಏಳೋಕೆ ಹೋದೆ. "ಕೂತ್ಕೋ, ವಿಜಯನಗರದ್ದೂ ಕೇಳ್ಬಿಡೋಣ." ಅದಕ್ಕೂ ಬಲಗಡೆ. ಕೆಂಗೇರಿಯದ್ದನ್ನೂ ಕೇಳಿದರು. ಅದಕ್ಕೂ ಬಲಗಡೆಯೇ. ದೇವರಿಗೆ ಯಾವ ಕಾಲೇಜೂ ಅಡ್ಡಿಯಿರಲಿಲ್ಲ. ಅಡ್ಡಿ ಇದ್ದದ್ದು ಕಟ್ ಆಫ್‌ಗೆ. ಮೂರು ಕಾಲೇಜಿನಲ್ಲೂ ನಮ್ಮ ಹುಡುಗನ ಹೆಸರು ಮೊದಲ ಪಟ್ಟಿಯಲ್ಲಿ ಬರಲಿಲ್ಲ. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ಅವನು ಕೊಟ್ಟಿದಾನೆ. ಇವರು ಕೊಡ್ತಿಲ್ಲ" ಅಂದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಈಗಲೂ ಹೂ ಕೇಳುತ್ತೇನೆ. ಒಂದೇ ಕಾಲೇಜಿಗೆ ಕೇಳಿ ಎದ್ದು ಬರುತ್ತೇನೆ, ಅಷ್ಟೇ ವ್ಯತ್ಯಾಸ.

ಎರಡನೇ ಅಧಿಕಾರಿ ನಮ್ಮನೆಯವರು. ಅವರದು ಒಂದೇ ಮಂತ್ರ: "ನನಗೆ ಗೊತ್ತಿರೋರಿದಾರೆ." ಮಗಳ ವರ್ಷ, ಕೆಂಗೇರಿ ಕಡೆಯ ಒಂದು ಕಾಲೇಜಿನಲ್ಲಿ ಅವರಿಗೆ ಗೊತ್ತಿರೋರು ಇದ್ದರು. ಬೆಳಿಗ್ಗೆಯೇ ಇಸ್ತ್ರಿ ಶರ್ಟು ಹಾಕಿಕೊಂಡು ನಮ್ಮಿಬ್ಬರನ್ನು ಹೊರಡಿಸಿದರು. ಆಫೀಸಿನಲ್ಲಿ ಒಂದೂವರೆ ಗಂಟೆ ಕಾದ ಮೇಲೆ ಗೊತ್ತಿರೋರು ಬಂದರು. ಇವರ ಭುಜದ ಮೇಲೆ ಕೈ ಹಾಕಿ, ಪಕ್ಕಕ್ಕೆ ಕರೆದು, ಬಹಳ ಹೊತ್ತು ಮಾತಾಡಿದರು. ಇವರು ವಾಪಸು ಬಂದಾಗ ಮುಖ ಸಣ್ಣದಾಗಿತ್ತು.

"ಏನಂದ್ರು ರೀ?"

"ಅವರ ಮಗಳಿಗೂ ಇಲ್ಲೇ ಬೇಕಂತೆ. ನಮಗೆ ಯಾರಾದ್ರೂ ಗೊತ್ತಿದಾರಾ ಅಂತ ಕೇಳಿದ್ರು."

ವಾಪಸು ಬಸ್ಸಿನಲ್ಲಿ ಮಗಳು ಕಿಟಕಿ ಕಡೆ ತಿರುಗಿ ನಗು ತಡೆದುಕೊಂಡಿದ್ದಳು. ಸದ್ಯ, ಬಸ್ಸಾದರೂ ಖಾಲಿ ಇತ್ತು, ಮೂವರಿಗೂ ಸೀಟು ಸಿಕ್ಕಿತು ಅಂದುಕೊಂಡೆ. ಆ ದಿನ ಸಿಕ್ಕಿದ ಸೀಟು ಅದೊಂದೇ.

ಕಾಲೇಜು ಹೇಗೆ ಆರಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ವಿಜಯನಗರದಿಂದ ಕೆಂಗೇರಿವರೆಗೆ ಹೋರ್ಡಿಂಗ್ ನೋಡಿಕೊಂಡು ಹೋದರೆ ಎಲ್ಲವೂ ನಂಬರ್ ಒನ್. ಒಂದು ಸಲ ಟೈ ಕಟ್ಟಿದ ಒಬ್ಬನೇ ಹುಡುಗ ಮೂರು ಕಾಲೇಜಿನ ಹೋರ್ಡಿಂಗಿನಲ್ಲಿ ನಗುತ್ತಿದ್ದ. ಪಾಪ, ಮೂರು ಕಡೆ ಓದಿ ಮೂರು ಕಡೆ ಕೆಲಸ ಗಿಟ್ಟಿಸಿದ್ದಾನೆ. ನನಗೆ ಪ್ಲೇಸ್‌ಮೆಂಟು, ಗ್ರೇಡು ಅರ್ಥವಾಗುವುದಿಲ್ಲ. ಮನೆ ನೋಡಿಕೊಳ್ಳುವವಳಿಗೆ ಮನೆ ನೋಡಲು ಬರುತ್ತದೆ. ಹಾಗಾಗಿ ನಾನು ಕಾಲೇಜಿಗೆ ಹೋದರೆ ನೆಟ್ಟಗೆ ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಹೋಗುತ್ತಿದ್ದೆ. ಪ್ರಾಸ್ಪೆಕ್ಟಸ್‌ನಲ್ಲಿ ಈಜುಕೊಳದ ಫೋಟೋ ಇರುತ್ತೆ, ಜಿಮ್ಮಿನ ಫೋಟೋ ಇರುತ್ತೆ, ಟಾಯ್ಲೆಟ್ಟಿನದು ಮಾತ್ರ ಇರುವುದಿಲ್ಲ. ಮಗು ಈಜುಕೊಳಕ್ಕೆ ನಾಲ್ಕು ವರ್ಷದಲ್ಲಿ ಒಂದು ಸಲ ಹೋದರೆ ಹೆಚ್ಚು.

ಒಂದು ಕಡೆ ಪ್ರಿನ್ಸಿಪಾಲರು ತಂದೆತಾಯಿಯರನ್ನೆಲ್ಲ ದೊಡ್ಡ ಹಾಲಿನಲ್ಲಿ ಕೂರಿಸಿ, ಪರದೆ ಮೇಲೆ ಚಿತ್ರ ತೋರಿಸಿ, "ಎನಿ ಕ್ವೆಶ್ಚನ್ಸ್?" ಅಂದರು. ಎಲ್ಲರೂ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ನಾನು ಎದ್ದು ನಿಂತೆ.

"ಸಾರ್, ಎರಡನೇ ಮಹಡಿ ಹೆಣ್ಣುಮಕ್ಕಳ ಟಾಯ್ಲೆಟ್ಟಲ್ಲಿ ಚಿಲಕ ಇಲ್ಲ. ಯಾವಾಗ ಹಾಕಿಸ್ತೀರಾ?"

ಪಕ್ಕದಲ್ಲಿದ್ದ ಮಗಳು ದುಪಟ್ಟಾದೊಳಗೆ ಮುಖ ಹುದುಗಿಸಿಕೊಂಡಳು. "ಅಮ್ಮ, ಪ್ಲೀಸ್, ಕೂತ್ಕೋಮ್ಮ." ಪ್ರಿನ್ಸಿಪಾಲರು ವೈಸ್ ಪ್ರಿನ್ಸಿಪಾಲರನ್ನು ನೋಡಿದರು, ಅವರು ಪರದೆ ನೋಡಿದರು. ಕೊನೆಗೆ ಪ್ರಿನ್ಸಿಪಾಲರೇ "ಮೇಡಂ, ದಟ್ ಈಸ್ ಇನ್ ದಿ ಪೈಪ್‌ಲೈನ್" ಅಂದರು. ಚಿಲಕ ಪೈಪಿನೊಳಗೆ ಯಾಕೆ ಹೋಯಿತು ಅಂತ ನಾನು ಕೇಳಲಿಲ್ಲ. ಆದರೆ ಹಾಲಿನಿಂದ ಹೊರಗೆ ಬಂದಾಗ ಐದಾರು ಜನ ತಾಯಂದಿರು ನನ್ನ ಹಿಂದೆಯೇ ಬಂದರು. ನನ್ನ ಪ್ರಾಕ್ಟೀಸು ದೊಡ್ಡದಾಗಿದ್ದು ಅಲ್ಲಿಂದ.

ಇನ್ನೊಂದು ಕಡೆ ಲ್ಯಾಬ್ ತೋರಿಸಿದರು. ಫಾರಿನ್ನಿಂದ ತರಿಸಿದ ಮಿಷನ್ನು, ಗಾಜಿನ ಕೋಣೆಯಲ್ಲಿಟ್ಟಿದ್ದರು. ಹತ್ತಿರ ಹೋಗಿ ನೋಡಿದೆ. ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಅದರ ಮೇಲೆ ಆಯುಧಪೂಜೆಯ ವಿಭೂತಿ ಪಟ್ಟೆ, ಕುಂಕುಮ, ಒಣಗಿದ ಚೆಂಡುಹೂ. ಪೂಜೆ ಮಾಡಿದ್ದು ನನಗೆ ಸಂತೋಷವೇ. ಆದರೆ ಆ ಮಿಷನ್ನನ್ನು ಇವತ್ತಿನವರೆಗೆ ಮುಟ್ಟಿದವರು ಪುರೋಹಿತರೊಬ್ಬರೇ ಅಂತಲೂ ಗೊತ್ತಾಯಿತು. ಇವೆಲ್ಲ ಸಣ್ಣ ವಿಷಯ ಅನ್ನಬೇಡಿ. ಲೈಬ್ರರಿಗೆ ಹೋದರೆ ಪುಸ್ತಕ ಎಣಿಸಬೇಡಿ, ಕುರ್ಚಿ ಮೇಲೆ ಬೆರಳಾಡಿಸಿ. ಧೂಳಿಲ್ಲದಿದ್ದರೆ ಮಕ್ಕಳು ಕೂರುತ್ತಿದ್ದಾರೆ ಅಂತ.

ನಮ್ಮ ಕೆಲಸದ ವಿಧಾನ ಪೂರ್ತಿ ಬದಲಾಯಿತು. ಮೊದಲು ಸಿಇಟಿ ಸೀಟು ಆರಿಸೋಕೆ ನಾವೇ ಹೋಗಬೇಕಿತ್ತು. ದೊಡ್ಡ ಹಾಲು, ಸಾವಿರ ಜನ, ಎದುರಿಗೆ ಪರದೆ, ಅದರಲ್ಲಿ ಉಳಿದ ಸೀಟುಗಳು ಒಂದೊಂದಾಗಿ ಕರಗುತ್ತಿದ್ದವು. ನಮ್ಮ ಸರದಿ ಬರುವ ಹೊತ್ತಿಗೆ ಅರ್ಧ ಪರದೆ ಖಾಲಿಯಾಗಿರುತ್ತಿತ್ತು. ಆಗ ಬೈದುಕೊಂಡೆವು. ಆದರೆ ಅಲ್ಲಿ ತಪ್ಪು ಮಾಡುವುದು ಕಷ್ಟವಿತ್ತು. ಪಕ್ಕದ ಕುರ್ಚಿಯ ತುಮಕೂರಿನ ಅಪ್ಪ, ಹಿಂದಿನ ಸಾಲಿನ ಟೀಚರಮ್ಮ, "ಅಯ್ಯೋ ಅದ್ಯಾಕ್ರೀ ತಗೋತೀರ, ಇದು ಖಾಲಿ ಇದೆಯಲ್ಲ" ಅಂತ ಗದರಿಸುತ್ತಿದ್ದರು. ಈಗ ಎಲ್ಲ ಕಂಪ್ಯೂಟರಿನಲ್ಲಿ. ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಅಂತ ಸಾಲಾಗಿ ತುಂಬಿ ಕಳಿಸಬೇಕು. ಅದಕ್ಕೆ ಆಪ್ಷನ್ ಎಂಟ್ರಿ ಅಂತಾರೆ. ಕಂಪ್ಯೂಟರ್ ಗದರಿಸುವುದಿಲ್ಲ. ಏನು ತುಂಬಿದರೂ "ಸಕ್ಸೆಸ್‌ಫುಲ್" ಅನ್ನುತ್ತದೆ.

ಸೇರಿದ ಮೇಲೆ ಮೊದಲ ವರ್ಷ. ಅದನ್ನೂ ಹೇಳಿಬಿಡುತ್ತೇನೆ. ಮಗ ಸೇರಿದ ದಿನ ಅಲ್ಲಿಯ ಪ್ರಿನ್ಸಿಪಾಲರು ಮೈಕಿನಲ್ಲಿ, "ಇವತ್ತಿನಿಂದ ಇವರು ನಿಮ್ಮ ಮಕ್ಕಳಲ್ಲ, ನಮ್ಮ ಮಕ್ಕಳು" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಮೂರು ತಿಂಗಳಿಗೆ ಅದೇ ಆಫೀಸಿನಿಂದ ಫೋನು: "ನಿಮ್ಮ ಮಗನಿಗೆ ಅಟೆಂಡೆನ್ಸ್ ಶಾರ್ಟೇಜ್ ಇದೆ." ಅಷ್ಟರಲ್ಲಿ ನಮಗೇ ವಾಪಸು ಕೊಟ್ಟಿದ್ದರು.

ನನಗೆ ನಂಬಿಕೆಯಾಗಲಿಲ್ಲ. ದಿನಾ ಏಳೂವರೆಗೆ ನಾನೇ ಡಬ್ಬಿ ಕಟ್ಟಿ ಕಳಿಸುತ್ತಿದ್ದೆ, ಸಂಜೆ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಕೇಳಿದರೆ ತಲೆ ತಗ್ಗಿಸಿದ. ನಾಗರಬಾವಿಯಲ್ಲಿ ಸ್ನೇಹಿತರ ಬಾಡಿಗೆ ರೂಮಂತೆ. ಅಲ್ಲಿ ಹೋಗಿ ಮಲಗೋದು, ನನ್ನ ಚಿತ್ರಾನ್ನ ತಿನ್ನೋದು, ಸಂಜೆ ಬರೋದು.

"ಯಾಕೋ?"

"ಮೊದಲ್ನೇ ಮ್ಯಾಥ್ಸ್ ಕ್ಲಾಸ್ ಒಂದಕ್ಷರ ಅರ್ಥ ಆಗ್ಲಿಲ್ಲಮ್ಮ. ಎರಡ್ನೇ ಕ್ಲಾಸಿಗೆ ಹೋಗೋಕೆ ನಾಚ್ಕೆ ಆಯ್ತು. ಆಮೇಲೆ ಮೂರ್ನೇದಕ್ಕೆ ಇನ್ನೂ ನಾಚ್ಕೆ."

ಅವರಪ್ಪ ಎಗರಾಡಿದರು. ನಾನು ಬೈಯಲಿಲ್ಲ. ನನಗೂ ಒಲೆ ಮುಂದೆ ಮೊದಲ ದಿನ ಅತ್ತೆ ಹೇಳಿದ್ದು ಅರ್ಥವಾಗದೆ, ಮತ್ತೆ ಕೇಳೋಕೆ ನಾಚಿಕೆಯಾಗಿ, ಒಂದು ತಿಂಗಳು ಸಾರಿಗೆ ಎರಡು ಸಲ ಉಪ್ಪು ಹಾಕಿದ ಅನುಭವ ಇತ್ತು. ಮರುದಿನ ಎರಡು ದೊಡ್ಡ ಡಬ್ಬಿ ಪುಳಿಯೋಗರೆ ಕಳಿಸಿದೆ. "ಕ್ಲಾಸಲ್ಲಿ ಯಾರಿಗೆ ಮ್ಯಾಥ್ಸ್ ಬರುತ್ತೋ ಅವನ ಪಕ್ಕ ಕೂತ್ಕೊಂಡು ಡಬ್ಬಿ ತೆಗಿ" ಅಂದೆ. ಆ ಹುಡುಗ ಪುಳಿಯೋಗರೆ ತಿಂದ, ಲೆಕ್ಕ ಹೇಳಿಕೊಟ್ಟ, ಮುಂದೆ ನಾಲ್ಕು ವರ್ಷವೂ ತಿಂದ. ಮೊದಲ ವರ್ಷಕ್ಕೆ ನಾನು ಹೇಳುವುದು ಇಷ್ಟೇ: ಬ್ಯಾಗು, ಶೂ, ಲ್ಯಾಪ್‌ಟಾಪು ಆಮೇಲೆ ನೋಡಿ. ಪಕ್ಕ ಯಾರು ಕೂತಿದ್ದಾರೆ ಅಂತ ಮೊದಲ ವಾರವೇ ಕೇಳಿ.

ಇಷ್ಟೆಲ್ಲ ತಿಳಿದವಳು ಅಂತಲೇ ಮಂಗಳಾ ಮಗಳ ಫೈಲು ತಂದು ನನ್ನ ಡೈನಿಂಗ್ ಟೇಬಲ್ ಮೇಲಿಟ್ಟದ್ದು.

ಸಿಂಧುಗೆ ಪಶುವೈದ್ಯೆ ಆಗಬೇಕಿತ್ತು. ಹೇರೋಹಳ್ಳಿಯಲ್ಲಿ ಅವಳ ಅಜ್ಜಿ ಮನೆ. ಸುತ್ತ ನಾಲ್ಕಂತಸ್ತಿನ ಕಟ್ಟಡ ಎದ್ದಿದ್ದರೂ ಅಜ್ಜಿ ಎರಡು ಹಸು ಬಿಟ್ಟಿಲ್ಲ. ಒಂದು ಸಲ ಕರು ಅಡ್ಡ ಸಿಕ್ಕಿಕೊಂಡಾಗ ಡಾಕ್ಟರು ಬರುವವರೆಗೆ ಈ ಹುಡುಗಿ ಹಸುವಿನ ಹೊಟ್ಟೆ ಸವರುತ್ತಾ ಕೂತಿದ್ದಳಂತೆ. ಆವತ್ತಿಂದ ಅದೊಂದೇ ಮಾತು. ಎರಡು ವರ್ಷ ಹಾಗೇ ಓದಿದ್ದಳು, ರ‍್ಯಾಂಕೂ ಪರವಾಗಿಲ್ಲ ಅನ್ನುವ ಹಾಗಿತ್ತು. ಲ್ಯಾಪ್‌ಟಾಪ್ ತೆಗೆದು, "ಒಂದರಿಂದ ಆರರವರೆಗೆ ವೆಟರ್ನರಿ ಹಾಕ್ತೀನಿ ಆಂಟಿ. ಕೊನೇಲಿ ಫಾರ್ಮಸಿ" ಅಂದಳು.

ನಾನು ತಡೆದೆ. ಯಾಕೆ ತಡೆದೆ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನಂಥವರು ಇನ್ನೂ ಇದ್ದಾರೆ. ನಾನು ದೇವರ ಹತ್ತಿರ ಯಾವತ್ತೂ ದೊಡ್ಡದು ಕೇಳಿದವಳಲ್ಲ. ಗ್ಯಾಸು ಮುಗಿಯುವ ಮುಂಚೆ ಸಿಲಿಂಡರ್ ಬಂದರೆ ಸಾಕು, ಮಳೆ ಬರೋದ್ರೊಳಗೆ ಹಪ್ಪಳ ಒಣಗಿದರೆ ಸಾಕು. ಸಣ್ಣದು ಕೇಳಿದರೆ ಅವನಿಗೂ ಕೊಡೋಕೆ ಸುಲಭ, ನನಗೂ ಕೊಟ್ಟ ಅನ್ನೋಕೆ ಸುಲಭ. ಅದೇ ಬುದ್ಧಿ ಕಂಪ್ಯೂಟರಿನ ಮುಂದೂ ಓಡಿತು.

"ಸಿಗೋದನ್ನ ಮೊದಲು ಬರಿ ಮಗು" ಅಂದೆ. "ಬಸ್ಸಲ್ಲಿ ಕಿಟಕಿ ಸೀಟಿಗೆ ಕಾಯ್ತಾ ನಿಂತ್ರೆ ಇರೋ ಸೀಟೂ ಹೋಗುತ್ತೆ. ಮಾರೇನಹಳ್ಳಿ ಹತ್ರ ಫಾರ್ಮಸಿ ಇದೆಯಲ್ಲ, ಗ್ಯಾರಂಟಿ ಸಿಗೋದು. ಅದನ್ನ ಒಂದನೇದು ಹಾಕು. ವೆಟರ್ನರಿ ಎರಡರಿಂದ ಬರಿ. ದೇವರಿಗೆ ಕೊಡಬೇಕು ಅನ್ಸಿದ್ರೆ ಎರಡನೇದೂ ಕೊಡ್ತಾನೆ."

ಸಿಂಧು ನನ್ನ ಮುಖ ನೋಡಿದಳು. "ಹಂಗ್ ಮಾಡಿದ್ರೆ ಸರೀನಾ ಆಂಟಿ?"

"ಇಪ್ಪತ್ತೆರಡು ವರ್ಷದಿಂದ ನೋಡ್ತಿದೀನಿ ಕಣೇ."

ಮಂಗಳಾನೂ "ಆಂಟಿ ಹೇಳ್ದಂಗೆ ಕೇಳೇ" ಅಂದಳು. ಹುಡುಗಿ ಬರೆದಳು. ನಮ್ಮನೆಯವರು ಪಕ್ಕದ ಕೋಣೆಯಲ್ಲಿ ಟಿವಿ ನೋಡುತ್ತಿದ್ದರು.

ನಿಜವಾದ ಪಟ್ಟಿಗೆ ಮುಂಚೆ ಒಂದು ಮಾಕ್ ಪಟ್ಟಿ ಬಿಡುತ್ತಾರೆ. ನೀವು ಹೀಗೆ ಬರೆದಿದ್ದರೆ ಇದು ಸಿಗುತ್ತೆ, ಬೇಕಿದ್ದರೆ ತಿದ್ದಿಕೊಳ್ಳಿ ಅಂತ. ಅದರಲ್ಲೂ ಸಿಂಧುಗೆ ಮೊದಲನೇದೇ ಬಂತು. ತಿದ್ದಿಕೊಳ್ಳಿ ಅಂತ ಕೊಟ್ಟ ಅವಕಾಶವನ್ನು ನಾನು ಪ್ರಸಾದ ಅಂದುಕೊಂಡು, "ನೋಡಿದ್ರಾ, ಕೈ ಹಚ್ಚಬೇಡಿ" ಅಂದೆ.

ಇನ್ನು ಆ ಗುರುವಾರಕ್ಕೆ ಬರುತ್ತೇನೆ. ಹರಿವಾಣ ತೊಳೆದು ಬೋರಲು ಹಾಕುತ್ತಿದ್ದೆ. ಸಿಂಧು ಬಂದಳು. ಸಜ್ಜಿಗೆ ತಂದಿದ್ದಾಳೆ ಅಂದುಕೊಂಡೆ. ಕೈಯಲ್ಲಿ ಫೋನು ಮಾತ್ರ ಇತ್ತು.

"ಆಂಟಿ, ನಮ್ಮ ಕ್ಲಾಸ್ ಹುಡುಗಿಗೆ ವೆಟರ್ನರಿ ಸಿಕ್ಕಿದೆ."

"ಒಳ್ಳೇದಾಯ್ತಲ್ಲಮ್ಮ."

"ಅವಳ ರ‍್ಯಾಂಕು ನನಗಿಂತ ಹಿಂದೆ, ಆಂಟಿ."

ನನಗೆ ಆಗಲೂ ತಿಳಿಯಲಿಲ್ಲ. ಯಾರೋ ಮೋಸ ಮಾಡಿರಬೇಕು ಅಂತ ನಮ್ಮನೆಯವರನ್ನು ಕರೆದೆ. ಅವರು ಕನ್ನಡಕ ಹಾಕಿಕೊಂಡು ಸಿಂಧು ಬರೆದ ಪಟ್ಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಕಂಪ್ಯೂಟರ್ ಒಬ್ಬೊಬ್ಬರ ಪಟ್ಟೀನೂ ಮೇಲಿಂದ ಓದುತ್ತೆ ಕಣೇ. ಇವಳ ಸರದಿ ಬಂತು. ಒಂದನೇದು ಖಾಲಿ ಇದ್ಯಾ? ಇದೆ. ಕೊಟ್ಬಿಟ್ಟು ಮುಂದಿನವರ ಹತ್ರ ಹೋಗುತ್ತೆ. ಎರಡನೇದು ಏನಿದೆ ಅಂತ ಅದು ನೋಡೋದೇ ಇಲ್ಲ."

"ಮೇಲೆ ದೊಡ್ಡದು ಬರೆದು ಅದು ಸಿಗ್ದೇ ಹೋಗಿದ್ರೆ?"

"ಆಗ ಕೆಳಗಿಂದು ಓದ್ತಿತ್ತು. ಕೆಳಗಿಂದು ಎಲ್ಲೂ ಓಡಿಹೋಗ್ತಿರ್ಲಿಲ್ಲ."

"ಎರಡನೇ ರೌಂಡ್ ಇದೆಯಲ್ರೀ?"

"ಸಿಕ್ಕಿದ್ದಕ್ಕಿಂತ ಮೇಲೆ ಬರೆದಿದ್ದಕ್ಕೆ ಮಾತ್ರ ಅದು. ಒಂದನೇದರ ಮೇಲೆ ಏನಿದೆ? ಖಾಲಿ ಜಾಗ."

"ಇಷ್ಟೆಲ್ಲ ಗೊತ್ತಿದ್ದೋರು ಅವತ್ತು ಯಾಕ್ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು? ಗೊತ್ತಿರೋಳು ನೀನು" ಅಂದರು.

ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚುವುದೂ ಮರೆತು ನಿಂತೆ. ಆ ಮಗುವಿಗೆ ಬೇಕಾದದ್ದು ಸಿಗುವ ಹಾಗಿತ್ತು. ನಾನು ಬೇಡ ಅಂದಿದ್ದೆ. ಸಿಂಧು ಅಳಲಿಲ್ಲ. ಬಾಗಿಲ ಹತ್ತಿರ ಹೋಗಿ ತಿರುಗಿ, "ಅಮ್ಮಂಗೆ ಹೇಳ್ಬೇಡಿ ಆಂಟಿ. ತುಂಬ ಖುಷಿಯಾಗಿದಾರೆ. ಹತ್ರದ ಕಾಲೇಜು, ನಾಲ್ಕು ಗಂಟೆಗೆಲ್ಲ ಮನೇಲಿರ್ತೀನಿ ಅಂತ. ಸುಮ್ನೆ ನಿಮ್ಮನ್ನ ಬೈತಾರೆ" ಅಂದಳು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರಸ್ತೆಯಲ್ಲಿ ನನ್ನ ಹೆಸರಿಗೂ ಏನೂ ಆಗುತ್ತಿರಲಿಲ್ಲ. ದೇವರ ಮನೆ ಕಡೆ ನೋಡಿದೆ. ಸಾಮಾನೆಲ್ಲ ಅಡುಗೆಮನೆಯಲ್ಲಿತ್ತು, ಮಂಟಪ ಬರಿದಾಗಿತ್ತು. ಅಲ್ಲಿ ನಿಂತು ಕೇಳಿಕೊಳ್ಳಲು ಏನೂ ಹೊಳೆಯಲಿಲ್ಲ. ನನ್ನ ಹೆದರಿಕೆಗೆ ನಾನು ಇಷ್ಟು ವರ್ಷ ಭಕ್ತಿ ಅಂತ ಹೆಸರಿಟ್ಟಿದ್ದೆನೇನೋ ಅನ್ನಿಸಿತು. ಚಪ್ಪಲಿ ಮೆಟ್ಟಿ ರಸ್ತೆ ದಾಟಿದೆ.

ಮಂಗಳಾ ರವೆ ಹುರಿಯುತ್ತಿದ್ದಳು. ನಿಂತೇ ಎಲ್ಲ ಹೇಳಿದೆ. ಅವಳು ಒಲೆ ಆರಿಸಿದಳು. ಬಾಣಲೆ ಕೆಳಗಿಳಿಸಿ ಹೇಳಿದಳು:

"ಕೊಡಿಸೋಕೆ ನಿಮ್ ಕೈಲಿ ಆಗ್ದೇ ಹೋಗಿದ್ರೆ ನಾನೇನೂ ಅಂತಿರ್ಲಿಲ್ಲ ಅಕ್ಕಾ. ಸಿಗೋದನ್ನ ತಪ್ಪಿಸಿದ್ರಲ್ಲ." ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಇನ್ನೂ ಒಂದು ಬಂತು. "ಈ ರೋಡಲ್ಲಿ ಇನ್ನೂ ಯಾರ್‍ಯಾರಿಗೆ ಹಿಂಗೆ ಬರೆಸಿದೀರಾ?"

ಆ ಪ್ರಶ್ನೆ ವಾರಗಟ್ಟಲೆ ಬಿಡಲಿಲ್ಲ. ಪಾತ್ರೆ ತೊಳೆಯುವಾಗ ಒಬ್ಬೊಬ್ಬರನ್ನೇ ನೆನೆಸಿಕೊಂಡೆ. ಬಹಳ ಮಕ್ಕಳು ನನ್ನ ಮಾತನ್ನು ತಲೆಯಾಡಿಸಿ ಕೇಳಿ, ಮನೆಗೆ ಹೋಗಿ ತಮಗೆ ಬೇಕಾದ ಹಾಗೆ ಬರೆದುಕೊಂಡಿದ್ದರಂತೆ. ಆಮೇಲೆ ಗೊತ್ತಾಯಿತು. ಸದ್ಯ. ನನ್ನ ಯಶಸ್ಸಿನ ಗುಟ್ಟು ಅದು. ಮೂರನೇ ಮನೆಯ ಹುಡುಗನೊಬ್ಬ ಮಾತ್ರ ಅಕ್ಷರಶಃ ನಾನು ಹೇಳಿದ ಹಾಗೆ ಬರೆದವನು. ಅವನು ಈಗ ಸಿವಿಲ್ ಮಾಡಿ ಸುಖವಾಗಿದ್ದಾನೆ, ನನ್ನನ್ನು ಕಂಡಾಗಲೆಲ್ಲ ಕಾಲು ಮುಟ್ಟುತ್ತಾನೆ. ಅವನಿಗೆ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಸಿಂಧು ಫಾರ್ಮಸಿಗೆ ಸೇರಲಿಲ್ಲ. ಮನೆಯಲ್ಲಿ ನಾಲ್ಕು ದಿನ ಜಗಳ ನಡೆಯಿತು. ಕೊನೆಗೆ ಬಸ್ ಡ್ರೈವರ್ ಆಗಿರುವ ಅವಳಪ್ಪ, "ಒಂದು ವರ್ಷ ತಾನೇ, ಇನ್ನೊಂದ್ಸಲ ಬರೀಲಿ ಬಿಡೇ" ಅಂದರಂತೆ. ಅವರ ಮನೆ ಪಕ್ಕದಲ್ಲೇ ಹೊಸ ಮನೆ ಎದ್ದು, ದಿನವಿಡೀ ಮಾರ್ಬಲ್ ಕೊಯ್ಯುವ ಸದ್ದು. ಒಂದು ದಿನ ಹುಡುಗಿ ಪುಸ್ತಕ ಹಿಡಿದು ನಮ್ಮ ಬಾಗಿಲಲ್ಲಿ ನಿಂತಳು.

"ಆಂಟಿ, ಇಲ್ಲಿ ಕೂತ್ಕೊಂಡು ಓದ್ಕೊಳ್ಳಾ?"

ಯಾವ ಮುಖದಲ್ಲಿ ಬೇಡ ಅನ್ನಲಿ, ಯಾವ ಮುಖದಲ್ಲಿ ಬಾ ಅನ್ನಲಿ. ಟೇಬಲ್ ಒರೆಸಿಕೊಟ್ಟೆ. ವರ್ಷಪೂರ್ತಿ ಅಲ್ಲೇ ಓದಿದಳು. ಶನಿವಾರ ಅಜ್ಜಿ ಮನೆ ಕಡೆ ಪಶು ಆಸ್ಪತ್ರೆಗೆ ಹೋಗಿ ಡಾಕ್ಟರ ಹಿಂದೆ ನಿಂತು ನೋಡಿ ಬರುತ್ತಿದ್ದಳು. ನನ್ನ ಕೆಲಸ ಹನ್ನೊಂದಕ್ಕೆ ಕಾಫಿ ಇಟ್ಟು, ಬಾಯಿ ತೆರೆಯದೆ ಒಳಗೆ ಹೋಗುವುದು. ಎರಡನೆಯದು ಹೆಚ್ಚು ಕಷ್ಟವಿತ್ತು. ಮಂಗಳಾ ಮಗಳನ್ನು ಕಳಿಸುತ್ತಿದ್ದಳೇ ಹೊರತು ತಾನು ಹೊಸಿಲು ದಾಟಲಿಲ್ಲ. ಊಟಕ್ಕೆ ಕರೆಯಬೇಕಾದರೂ ಗೇಟಿನಿಂದಲೇ "ಸಿಂಧೂ" ಅಂತ ಕೂಗುತ್ತಿದ್ದಳು. ಮೊದಲೆಲ್ಲ ನನ್ನ ಅಡುಗೆಮನೆಯಲ್ಲಿ ಯಾವ ಡಬ್ಬದಲ್ಲಿ ಏನಿದೆ ಅಂತ ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಗೌರಿ ಹಬ್ಬಕ್ಕೆ ಬಾಗಿನವನ್ನೂ ಕಡ್ಡಾಯ ಅಂತ ಮುಗಿಸುವ ಸಬ್ಜೆಕ್ಟಿನ ಹಾಗೆ ಮಗಳ ಕೈಯಲ್ಲಿ ಕಳಿಸಿದಳು. ಸದ್ಯ, ಕಳಿಸಿದಳಲ್ಲ ಅಂದುಕೊಂಡೆ.

ಮತ್ತೆ ಆಪ್ಷನ್ ತುಂಬುವ ದಿನ ಬಂತು. ಈ ಸಲ ರ‍್ಯಾಂಕು ಸ್ವಲ್ಪ ಹಿಂದೆ ಹೋಗಿತ್ತು. ಲ್ಯಾಪ್‌ಟಾಪ್ ತೆರೆದವಳು ನನ್ನ ಕಡೆ ನೋಡಿ ನಕ್ಕಳು.

"ಆಂಟಿ, ತಪ್ಪು ತಿಳ್ಕೋಬೇಡಿ. ನೀವು ಅಡುಗೆಮನೇಲೇ ಇರಿ."

ಅದೇ ನನ್ನ ನಿವೃತ್ತಿ ಆದೇಶ. ಬೇರೆಯವರಿಗೆ ಅರವತ್ತಕ್ಕೆ ಕೊಡುತ್ತಾರೆ, ನನಗೆ ಹತ್ತೊಂಬತ್ತು ವರ್ಷದ ಹುಡುಗಿ ಕೊಟ್ಟಳು. ಒಳಗೆ ಹೋಗಿ ಕೈ ಮುಗಿದು ನಿಂತೆ. ಈ ಸಲ ಸಣ್ಣದು ಕೇಳಲಿಲ್ಲ. "ಅವಳು ಬರೆದದ್ದರಲ್ಲಿ ಎಲ್ಲಕ್ಕಿಂತ ಮೇಲಿನದೇ ಕೊಡು" ಅಂದೆ. ಅಭ್ಯಾಸವಿಲ್ಲದ ಬಾಯಿ, ಎರಡನೇ ಸಲಕ್ಕೆ ಸರಿಯಾಗಿ ಬಂತು.

ದೇವರು ಮೇಲಿನದು ಕೊಡಲಿಲ್ಲ. ಎರಡನೇದೂ ಇಲ್ಲ, ಮೂರನೇದೂ ಇಲ್ಲ. ಪಟ್ಟಿ ಬಂದ ಮಧ್ಯಾಹ್ನ ಸಿಂಧು ಟೇಬಲ್ ಹತ್ತಿರದಿಂದಲೇ ಕೂಗಿದಳು. "ಆಂಟಿ! ಐದನೇದು! ವೆಟರ್ನರಿ, ಬೀದರ್!"

ಕೂಗು ಎದುರುಮನೆಗೂ ಕೇಳಿಸಿರಬೇಕು. ಮಂಗಳಾ ನೈಟಿ ಮೇಲೆ ಟವೆಲ್ ಹೊದ್ದು ಓಡಿ ಬಂದಳು. ಗೇಟು, ಹೊಸಿಲು ಯಾವುದೂ ಅವಳ ಗಮನಕ್ಕೆ ಬರಲಿಲ್ಲ. "ಬೀದರಾ? ಅಷ್ಟು ದೂರಾನಾ? ಅಲ್ಲಿ ಊಟಕ್ಕೆ ಏನ್ ಕೊಡ್ತಾರೋ, ಬಿಸ್ಲು ಹೇಗಿರುತ್ತೋ" ಅಂತ ಕಣ್ಣೊರೆಸಿಕೊಳ್ಳುತ್ತಲೇ ಮಗಳ ತಲೆ ಹಿಡಿದು ನಾಲ್ಕು ಸಲ ಮುತ್ತು ಕೊಟ್ಟಳು. ಸಿಂಧು ಬಿಡಿಸಿಕೊಂಡು, ಒಂದು ಹಾಳೆ ಹರಿದು, ಹಾಸ್ಟೆಲಿಗೆ ಒಯ್ಯುವ ಸಾಮಾನಿನ ಪಟ್ಟಿ ಶುರುಮಾಡಿದಳು.

"ಮೊದಲು ಉಪ್ಪಿನಕಾಯಿ ಬರ್ಕೋ" ಅಂದಳು ಮಂಗಳಾ. ನಾನೂ, "ಅದಕ್ಕಿಂತ ಮುಂಚೆ ಒಂದು..." ಅಂತ ಬಾಯಿ ತೆರೆದಿದ್ದೆ.

ಸಿಂಧು ಪೆನ್ನು ಕೆಳಗಿಟ್ಟಳು. "ಲಿಸ್ಟು ನಂದು" ಅಂದಳು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದು ವರ್ಷದ ಮೇಲೆ ಮಂಗಳಾ ನನ್ನ ಮುಖ ನೋಡಿದ್ದು ಅದೇ ಮೊದಲು. ತುಟಿ ಬಿಗಿಹಿಡಿದು ತಡೆದಳು, ಆಗಲಿಲ್ಲ, ನಕ್ಕುಬಿಟ್ಟಳು. "ನಡೀರಿ ಅಕ್ಕಾ. ನಮಗೇನು ಕೆಲ್ಸ ಇಲ್ಲಿ."

ನಾಳೆ ದೋಸೆಗೆ ನೆನೆಹಾಕುವುದು ಬಾಕಿ ಇತ್ತು. ಒಳಗೆ ಹೋಗಿ ಅಕ್ಕಿ ಅಳೆದು ನಲ್ಲಿ ಕೆಳಗೆ ಹಿಡಿದೆ. ಮಂಗಳಾ ಹಿಂದೆಯೇ ಬಂದು, ಯಾವುದು ಎಲ್ಲಿದೆ ಅಂತ ಒಂದು ಮಾತೂ ಕೇಳದೆ, ಮೇಲಿನ ಕಪಾಟು ತೆರೆದು ಉದ್ದಿನಬೇಳೆ ಡಬ್ಬ ಇಳಿಸಿದಳು.